ಬೆಂಗಳೂರಿನ ಓದು ಚರ್ಚಿಲ್‌ನ ರಾಜಕೀಯವನ್ನು ಹೇಗೆ ರೂಪಿಸಿತು?

ಬಸವನಗುಡಿ ಓದುಗ:
1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಜೊತೆ ಬೆಂಗಳೂರು ದಂಡಿಗೆ ಬಂದ ಚರ್ಚಿಲ್ ಇಲ್ಲೇ ಇತಿಹಾಸಕಾರರಾದ ಗಿಬ್ಬನ್, ಮೆಕಾಲೆ ಇಬ್ಬರನ್ನೂ ಓದಿದ. ಭಾಷಣದ ಶೈಲಿ ಅಲ್ಲಿಂದ ಬಂತು, ಸರಿ. ರಾಜಕೀಯ ವಿಚಾರಕ್ಕೆ ಸಿಕ್ಕಿದ್ದೇನು? ನಮ್ಮ ಓದುಗರ ಬಳಗದಲ್ಲಿ ಮಾತಾಡಬೇಕಿದೆ. ಎಲ್ಲಿಂದ ಶುರು ಮಾಡಲಿ?

ದಂಡಿನ ರಸ್ತೆ:
ಗಿಬ್ಬನ್‌ಗಿಂತ ಮೊದಲು ‘ಆನ್ಯುಯಲ್ ರಿಜಿಸ್ಟರ್’ ಹಿಡಿಯಿರಿ ಸರ್. ಬ್ರಿಟನ್ನಿನ ರಾಜಕೀಯದ ವಾರ್ಷಿಕ ದಾಖಲೆ ಅದು, ಸಂಪುಟಗಳನ್ನು ತಾಯಿ ಕಳಿಸಿಕೊಟ್ಟರು. ಓದುವ ಕ್ರಮವನ್ನು ಅವನೇ ಪತ್ರದಲ್ಲಿ ತಾಯಿಗೆ ಬರೆದಿದ್ದಾನೆ: ಸಂಸತ್ತಿನ ಚರ್ಚೆ ಓದುವ ಮೊದಲು, ಬರೀ ತತ್ವದ ಮೇಲೆ ತನ್ನ ಅಭಿಪ್ರಾಯ ಕಾಗದದಲ್ಲಿ ಬರೆದಿಡೋದು. ಆಮೇಲೆ ಚರ್ಚೆ ಓದಿ, ಮತ್ತೆ ಯೋಚಿಸಿ, ಕೊನೆಯ ತೀರ್ಮಾನ ಬರೆಯೋದು. 1900ರಲ್ಲಿ ಸಂಸತ್ತಿಗೆ ಆಯ್ಕೆಯಾಗುವ ಮುಂಚೆಯೇ ಈ ಅಭ್ಯಾಸ. ಬಳಗದಲ್ಲೂ ಯಾವುದಾದರೂ ಹಳೆಯ ಮಸೂದೆ ಕೊಟ್ಟು ಇದನ್ನೇ ಮಾಡಿಸಿ. ಚರ್ಚೆ ಮೊದಲು ಓದಿದರೆ ಬೇರೆಯವರ ವಾದವೇ ತಲೆಯಲ್ಲಿ ಕೂತುಬಿಡುತ್ತೆ.

ಹಳೇ ಪುಸ್ತಕ:
ನನ್ನ ಪ್ರಕಾರ ಮೆಕಾಲೆಯೇ ಮುಖ್ಯ, ಅದೂ ಅವನ ಜೊತೆಗಿನ ಜಗಳದ ಕಾರಣಕ್ಕೆ. ಚರ್ಚಿಲ್‌ನ ಪೂರ್ವಜ, ಸೇನಾಪತಿ ಮಾರ್ಲ್‌ಬರೋ ಡ್ಯೂಕ್‌ನನ್ನು ಮೆಕಾಲೆ ದ್ರೋಹಿಯಂತೆ ಚಿತ್ರಿಸಿದ್ದ. ಅದಕ್ಕೆ ಉತ್ತರವಾಗಿ ಚರ್ಚಿಲ್ 1933ರಿಂದ 1938ರೊಳಗೆ ನಾಲ್ಕು ಸಂಪುಟಗಳ ಜೀವನಚರಿತ್ರೆ ಪ್ರಕಟಿಸಿದ. ಅದರ ಒಳತಿರುಳು ಏನು? ಇಡೀ ಯುರೋಪಿನ ಮೇಲೆ ಹಿಡಿತ ಸಾಧಿಸಲು ಹೊರಟ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ವಿರುದ್ಧ, ಪರಸ್ಪರ ನಂಬದ ದೇಶಗಳನ್ನೂ ಮಿತ್ರಕೂಟದಲ್ಲಿ ಹಿಡಿದಿಡುವ ಕಷ್ಟ. ಹಿಟ್ಲರ್ ಬಲಿಯುತ್ತಿದ್ದ ವರ್ಷಗಳಲ್ಲೇ ಇದನ್ನು ಬರೆದದ್ದು. 1941ರ ನಂತರ ಸ್ಟಾಲಿನ್, ರೂಸ್‌ವೆಲ್ಟ್ ಇಬ್ಬರ ಜೊತೆಗೂ ಹೆಣಗಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಿ, ಎಷ್ಟು ಹೊಳೆಯುತ್ತೆ!

ಇತಿಹಾಸಪ್ರಿಯೆ:
ಒಂದು ಎಚ್ಚರಿಕೆ. ಬೆಂಗಳೂರಿನ ಓದಿನ ಬಗ್ಗೆ ಹೆಚ್ಚಿನವರು ಉದ್ಧರಿಸೋದು ಅವನ ಆತ್ಮಕಥೆ ‘ಮೈ ಅರ್ಲಿ ಲೈಫ್’ ಅನ್ನು. ಅದು ಬಂದದ್ದು 1930ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. 1897ರ ಪತ್ರಗಳ ಜೊತೆ ಹೋಲಿಸದೆ ನಂಬಬೇಡಿ. ಇನ್ನೊಂದು, ಈ ಓದು ಅವನನ್ನು ಎಲ್ಲ ವಿಷಯದಲ್ಲೂ ಉದಾರಿಯನ್ನಾಗಿ ಮಾಡಲಿಲ್ಲ. ಭಾರತಕ್ಕೆ ಸೀಮಿತ ಸ್ವಾಯತ್ತತೆ ಕೊಟ್ಟ 1935ರ ಕಾಯ್ದೆಯನ್ನು ಅವನು ಕೊನೆವರೆಗೂ ವಿರೋಧಿಸಿದ. ನಮ್ಮೂರಲ್ಲಿ ಮಾತಾಡುವಾಗ ಇದನ್ನು ಬಿಟ್ಟರೆ ಅನ್ಯಾಯ.

ಬಸವನಗುಡಿ ಓದುಗ:
ಧನ್ಯವಾದ ಮೇಡಂ. ಮೊದಲ ಭೇಟಿಗೆ ಚಿಕ್ಕದೇನಾದರೂ?

ದಂಡಿನ ರಸ್ತೆ:
‘ಸವ್ರೋಲಾ’, ಅವನ ಒಂದೇ ಕಾದಂಬರಿ, ಇಲ್ಲಿದ್ದ ಕಾಲದಲ್ಲೇ ಬರೆದದ್ದು. ನಾಯಕ ಸರ್ವಾಧಿಕಾರಿಯ ವಿರುದ್ಧ ಏಳುತ್ತಾನೆ, ಆದರೆ ತಾನೇ ಎಬ್ಬಿಸಿದ ದಂಗೆ ಅವನ ಕೈ ಮೀರುತ್ತೆ. ಸರ್ವಾಧಿಕಾರ, ಗುಂಪಿನ ಆವೇಶ ಎರಡರ ಭಯವೂ ಅಲ್ಲಿದೆ. ಮೂರನೇ ಅಧ್ಯಾಯ ಸಾಕು: ನಾಯಕನ ಕೋಣೆಯ ಮೇಜಿನ ಮೇಲೆ ತೆರೆದಿಟ್ಟ ಮೆಕಾಲೆ ಪ್ರಬಂಧಗಳಿವೆ.