ಸರಿಗಮ ಬರ್ತದೆ, ಕಾರ್ಡ್ ಕಿವಿಗೆ ಬೀಳುವುದಿಲ್ಲ: ಎಲ್ಲಿಂದ ಶುರು ಮಾಡುವುದು?

ರಿಸೆಪ್ಶನ್_ಗಾಯಕಿ (ಉಡುಪಿ):
ಕರ್ನಾಟಕ ಸಂಗೀತ ಜೂನಿಯರ್ ಆಗಿದೆ. ಹಾಡು ಎರಡು ಸಲ ಕೇಳಿದರೆ ಸ್ವರ ಹಾಕ್ಲಿಕ್ಕೆ ಬರ್ತದೆ. ಈಗ ಮಂಗಳೂರಿನ ಒಂದು ಬ್ಯಾಂಡ್ ಜೊತೆ ಮದುವೆ ರಿಸೆಪ್ಶನ್, ರಸಮಂಜರಿಗೆ ಹಾಡಬೇಕು. ಕೀಬೋರ್ಡಿನವರು ಒಂದೇ ಸಲ ಕೇಳಿ ಕಾರ್ಡ್ (ಒಟ್ಟಿಗೆ ನುಡಿಸುವ ಮೂರು ಸ್ವರ) ಹಿಡಿದು "ಇದು ಒನ್ ಫೈವ್ ಸಿಕ್ಸ್ ಫೋರ್" ಅಂತಾರೆ, ನನಗೆ ಹಾಡಿನ ಧಾಟಿ ಬಿಟ್ಟು ಬೇರೆ ಎಂತದೂ ಕೇಳುವುದಿಲ್ಲ. ಐದು ಗೆರೆಯ ಶೀಟ್ ಕೊಟ್ಟರೆ ಗೆರೆ ಎಣಿಸುವಷ್ಟರಲ್ಲಿ ಹಾಡು ಮುಂದೆ ಹೋಗಿರ್ತದೆ. ಸೆಕೆಂಡ್ ವಾಯ್ಸ್, ಅಂದರೆ ಅದೇ ಸಾಲನ್ನು ಬೇರೆ ಸ್ವರದಲ್ಲಿ ಜೊತೆಗೆ ಹಾಡ್ಲಿಕ್ಕೆ ಹೇಳಿದರೆ ಎರಡನೇ ಸಾಲಿಗೆ ಮುಖ್ಯ ಗಾಯಕರ ಸ್ವರಕ್ಕೇ ಹೋಗಿ ಸೇರ್ತೇನೆ. ದಿನಕ್ಕೆ ಅರ್ಧ ಗಂಟೆ ಸಿಗ್ತದೆ. ಡೋ-ರೆ-ಮಿ ಹೊಸದಾಗಿ ಕಲೀಬೇಕಾ, ಸರಿಗಮದಲ್ಲೇ ಆಗ್ತದಾ?

ಕುಡ್ಲ_ಬೇಸ್:
ಡೋ-ರೆ-ಮಿ ಬೇಡ. ಸರಿಗಮವೇ ಸಾಕು, ಆದರೆ ಒಂದು ತೊಡಕುಂಟು. ಶುದ್ಧ ರಿಷಭಕ್ಕೂ ರಿ, ಚತುಃಶ್ರುತಿ ರಿಷಭಕ್ಕೂ ರಿ ಅಂತ ಹಾಡುವುದು ನಮ್ಮ ರೂಢಿ. ರಾಗ ಯಾವುದೆಂದು ಗೊತ್ತಿದ್ದಾಗ ಅದರಿಂದ ತೊಂದರೆ ಇಲ್ಲ. ಸಿನಿಮಾ ಹಾಡಿನಲ್ಲಿ ಒಂದೇ ಸಾಲಿನಲ್ಲಿ ಎರಡೂ ಗಾಂಧಾರ ಬಂದಾಗ ಬಾಯಲ್ಲಿ ಒಂದೇ ಅಕ್ಷರ ಇದ್ದರೆ ಕಿವಿಯೂ ಸಡಿಲ ಬಿಡ್ತದೆ. ಅದಕ್ಕೆ ಮದ್ದು ಮೇಳಕರ್ತ (ಮೂಲ ರಾಗಗಳ) ಪಟ್ಟಿಯಲ್ಲೇ ಉಂಟು, ಒಂದೇ ಸ್ವರದ ಕೆಳಗಿನ ಜಾಗದಿಂದ ಮೇಲಿನ ಜಾಗಕ್ಕೆ ಬೇರೆ ಬೇರೆ ಅಕ್ಷರ: ರ-ರಿ-ರು, ಗ-ಗಿ-ಗು, ಮ-ಮಿ, ಧ-ಧಿ-ಧು, ನ-ನಿ-ನು. ಆ ಲೆಕ್ಕದಲ್ಲಿ ಮೇಜರ್ ಸ್ಕೇಲ್, ಅಂದರೆ ಶಂಕರಾಭರಣ, ಸ ರಿ ಗು ಮ ಪ ಧಿ ನು. ನ್ಯಾಚುರಲ್ ಮೈನರ್, ಅಂದರೆ ನಠಭೈರವಿ, ಸ ರಿ ಗಿ ಮ ಪ ಧ ನಿ. ಮೊದಲ ಎರಡು ವಾರ ಸರಳೆ ವರಸೆಯನ್ನು ಇವೆರಡರಲ್ಲೂ ಹೀಗೆ ಅಕ್ಷರ ಬದಲಿಸಿ ಹಾಡಿ. ಮಾಯಾಮಾಳವಗೌಳದಲ್ಲೇ ಪಳಗಿದ ಗಂಟಲು ರ ಮತ್ತು ಧ ಕಡೆಗೇ ಜಾರ್ತದೆ, ಅಲ್ಲಿ ಜಾಗ್ರತೆ. ಗಮಕ ಪೂರ್ತಿ ಬಿಡಬೇಕು. ಶಂಕರಾಭರಣದ ಮ, ನು ಅಲುಗಾಡಿಸಿ ಹಾಡಿದರೆ ಕೀಬೋರ್ಡಿನ ಜೊತೆ ಅದು ಬೇಸುರ್ ಆಗಿಯೇ ಕೇಳ್ತದೆ.

ಇನ್ನು ಕಾರ್ಡ್. ನಿಮ್ಮ ಕಿವಿ ತಂಬೂರಿಗೆ ಪಳಗಿದ್ದು. ಕೆಳಗೆ ಸ-ಪ ನಿಂತೇ ಇರ್ತದೆ, ಮೇಲೆ ಸ್ವರ ಓಡ್ತದೆ. ಪಾಪ್‌ನಲ್ಲಿ ನೆಲವೇ ಓಡ್ತದೆ. ಹಾಗಾಗಿ ಈ ಅಭ್ಯಾಸ: ಕೀಬೋರ್ಡಿನಲ್ಲಿ ಸಿ ಮೇಜರ್, ಎಫ್ ಮೇಜರ್, ಎ ಮೈನರ್, ಜಿ ಮೇಜರ್ ನಿಧಾನವಾಗಿ ಒತ್ತುತ್ತಾ ಹೋಗಿ, ನೀವು ಸ (ಇಲ್ಲಿ ಸಿ) ಮಾತ್ರ ಹಿಡಿದು ನಿಲ್ಲಿ. ಸಿ ಮೇಲೆ ಅದು ಮನೆಯ ಸ್ವರ. ಎಫ್ ಮೇಲೆ ಐದನೆಯದು, ಟೊಳ್ಳಾಗಿ ಅಗಲವಾಗಿ ಕೇಳ್ತದೆ. ಎ ಮೈನರ್ ಮೇಲೆ ಮೂರನೆಯದು, ಸ್ವಲ್ಪ ದುಃಖದ ಬಣ್ಣ. ಜಿ ಬಂದಾಗ ಅದೇ ಸ ನು ಜೊತೆ ಉಜ್ಜಿ ಚುಚ್ಚುತ್ತದೆ. ಗಂಟಲಲ್ಲಿ ಸ್ವರ ಬದಲಾಗಲೇ ಇಲ್ಲ, ಬಣ್ಣ ಮಾತ್ರ ಬದಲಾಯಿತು. ಕಾರ್ಡ್ ಕೇಳುವುದು ಅಂದರೆ ಈ ಬಣ್ಣ ಹಿಡಿಯುವುದು.

ಹಾಡು ಹಾಕಿದಾಗ ಇದನ್ನೇ ಪರೀಕ್ಷೆಯಾಗಿ ಬಳಸಿ. ಸ ಮೇಲೆ ಕಟ್ಟಿದ ಕಾರ್ಡ್ 1, ರಿ ಮೇಲಿನದ್ದು 2, ಹೀಗೆ ಲೆಕ್ಕ. 1, 4, 6 ಮೈನರ್ ಮೂರರಲ್ಲೂ ಸ ಉಂಟು. 2 ಮೈನರ್, 3 ಮೈನರ್, 5 ಇವುಗಳಲ್ಲಿ ಇಲ್ಲ. ಮೆಲ್ಲಗೆ ಸ ಗುನುಗುತ್ತಾ ಇರಿ, ಎಲ್ಲಿ ಒಪ್ಪಿಕೊಳ್ಳುವುದಿಲ್ಲವೋ ಅಲ್ಲಿ ಹೆಚ್ಚಾಗಿ 5. 2 ಮೈನರ್ ಮೇಲೆ ಸ ಏಳನೆಯ ಸ್ವರವಾಗಿ ಮೆತ್ತಗೆ ಕೂತುಬಿಡ್ತದೆ, ಅಲ್ಲೊಂದು ಮೋಸ ಆಗ್ತದೆ. ಒಪ್ಪಿಕೊಂಡ ಜಾಗಗಳಲ್ಲಿ ಯಾವುದು ಅಂತ ತಿಳಿಯಲಿಕ್ಕೆ ಬೇಸ್ ಹಾಡಿ: ಒನ್ ಫೈವ್ ಸಿಕ್ಸ್ ಫೋರ್ ಅಂದರೆ ಕೆಳಗಿನ ಎಳೆ ಸ, ಪ, ಧಿ, ಮ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಮಾಡಬೇಡಿ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್, ಅಷ್ಟು ಸಣ್ಣ ಸ್ಪೀಕರಿಗೆ ಅದು ಆಗುವ ಕೆಲಸವೇ ಅಲ್ಲ. ಇಯರ್‌ಫೋನ್ ಹಾಕಿ, ನಿಮಗೆ ಸಿಗುವ ಸ್ಥಾಯಿಗೆ ಎತ್ತಿ ಹಾಡಿ.

ಮತ್ತೊಂದು ಗುಂಡಿ: ಬೇಸ್ ಸ-ನು-ಧಿ ಅಂತ ಮೆಟ್ಟಿಲಿಳಿಯುವ ಹಾಡು ತುಂಬ ಉಂಟು. ಮಧ್ಯದ ನು ಕೇಳಿ 3 ಮೈನರ್ ಅಂತ ಬರೀಬೇಡಿ. ಹೆಚ್ಚಾಗಿ ಅದು 5 ಕಾರ್ಡ್, ಬೇಸ್ ಮಾತ್ರ ಅದರ ಮೂರನೇ ಸ್ವರಕ್ಕೆ ಕೂತದ್ದು. ಅನುಮಾನ ಇದ್ದರೆ ರಿ ಹಾಡಿ ನೋಡಿ, ಗು ಹಾಡಿ ನೋಡಿ. ರಿ ಒಪ್ಪಿದರೆ 5, ಗು ಒಪ್ಪಿದರೆ 3 ಮೈನರ್.

ಐದು_ಗೆರೆ:
ಮೇಲಿನದ್ದೆಲ್ಲ ಸರಿ, ಆದರೆ ಸ ಎಲ್ಲಿ ಅಂತ ಹುಡುಕುವುದನ್ನೇ ಬಿಟ್ಟಿರಿ ಮಾರಾಯ್ರೆ. ಹಾಡನ್ನು ಮಧ್ಯದಲ್ಲಿ ನಿಲ್ಲಿಸಿ, ಮುಗಿದಂತೆ ಅನ್ನಿಸುವ ಸ್ವರ ಯಾವುದೋ ಅದನ್ನು ಗುನುಗಿ, ಆಮೇಲೆ ಕೀಬೋರ್ಡ್ ಮುಟ್ಟಿ. ಮೊದಲೇ ಕೀ ಒತ್ತಿ ಹುಡುಕಿದರೆ ಕೈ ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ. ಸಿ ಮೇಜರಾ ಎ ಮೈನರಾ ಎಂಬ ಗೊಂದಲ ಬಂದರೆ ಜಿ ಶಾರ್ಪ್ (ಜಿಗಿಂತ ಅರ್ಧ ಸ್ವರ ಮೇಲಿನದ್ದು) ಎಲ್ಲಾದರೂ ಇಣುಕುತ್ತದಾ ನೋಡಿ, ಇಣುಕಿದರೆ ಎ ಮೈನರ್ ಎಂದು ಹೇಳಲು ಬಲ ಬಂತು. ನಾಲ್ಕೇ ಕಾರ್ಡ್ ಸುತ್ತುವ ಕೆಲವು ಹಾಡುಗಳಲ್ಲಿ ಎರಡೂ ಸರಿ. ಒಂದನ್ನು ಹಿಡಿದು ಕೊನೆತನಕ ಬದಲಿಸದೆ ಇದ್ದರಾಯಿತು.

ಶೀಟ್ ವಿಷಯ. ಮೊದಲು ಸ ಇರುವ ಜಾಗ. ಗೆರೆಗಳ ಶುರುವಿನಲ್ಲಿ ಶಾರ್ಪ್ ಗುರುತು ಇದ್ದರೆ ಕೊನೆಯ ಶಾರ್ಪೇ ನು, ಅದರ ಅರ್ಧ ಸ್ವರ ಮೇಲೆ ಸ. ಎರಡು ಶಾರ್ಪ್ ಇದೆ, ಕೊನೆಯದು ಸಿ ಶಾರ್ಪ್: ಸ ಅಂದರೆ ಡಿ. ಫ್ಲಾಟ್ (ಅರ್ಧ ಸ್ವರ ಇಳಿಸುವ ಗುರುತು) ಇದ್ದರೆ ಕೊನೆಯದಕ್ಕಿಂತ ಹಿಂದಿನದ್ದೇ ಸ. ಮೂರು ಫ್ಲಾಟ್ ಅಂದರೆ ಇ ಫ್ಲಾಟ್, ಯಕ್ಷಗಾನದ ಹಿಮ್ಮೇಳದವರ ಭಾಷೆಯಲ್ಲಿ ಕಪ್ಪು ಎರಡು. ಒಂದೇ ಫ್ಲಾಟ್ ಇದ್ದರೆ ಎಫ್, ಬಿಳಿ ನಾಲ್ಕು. ಅದನ್ನು ಬಾಯಿಪಾಠ ಮಾಡಿ. ಹಾಡು ಮೈನರ್ ಆದರೆ ಹೀಗೆ ಸಿಕ್ಕಿದ ಜಾಗದಿಂದ ಮೂರು ಅರ್ಧ ಸ್ವರ ಕೆಳಗೆ ಇಳಿದು, ಅಲ್ಲಿ ಸ ಇಟ್ಟು ಗಿ, ಧ, ನಿ ಹಾಡಿ.

ಎಣಿಸಿ ಓದುವುದೇ ನಿಮ್ಮ ಸಮಸ್ಯೆ. ಸ ಗೆರೆ ಮೇಲಿದ್ದರೆ ಅದರ ಮೇಲಿನ ಗು, ಪ ಎರಡೂ ಗೆರೆ ಮೇಲೆಯೇ ಇರ್ತವೆ. ಸ ಎಡೆಯಲ್ಲಿದ್ದರೆ ಅವೂ ಎಡೆಯಲ್ಲೇ. ತಾರ ಸ್ಥಾಯಿಯ ಸ ಮಾತ್ರ ತಿರುಗಿ ಬೀಳ್ತದೆ, ಗೆರೆ ಇದ್ದದ್ದು ಎಡೆ ಆಗ್ತದೆ. ಹಾಡುವ ಮೊದಲು ಶೀಟಿನ ಮೇಲೆ ಕಣ್ಣಾಡಿಸಿ ಈ ಸ-ಗು-ಪ ಕಂಬಗಳನ್ನಷ್ಟೇ ಪೆನ್ಸಿಲಿನಲ್ಲಿ ಗುರುತು ಮಾಡಿ. ಉಳಿದ ಸ್ವರ ಪಕ್ಕದ ಕಂಬದಿಂದ ಒಂದು ಮೆಟ್ಟಿಲು ಆಚೆ ಈಚೆ, ಅಷ್ಟೆ. ಸಿನಿಮಾ ಹಾಡುಗಳಿಗಿಂತ ಚರ್ಚ್ ಕ್ವಾಯರಿನ ನಾಲ್ಕು ದನಿಯ ಶೀಟ್ ಓದ್ಲಿಕ್ಕೆ ಒಳ್ಳೆಯದು. ಲಯ ಸರಳ, ಕಾರ್ಡ್ ಪೆಟ್ಟಿಗೊಂದರಂತೆ ಬದಲಾಗ್ತದೆ. ಮಂಗಳೂರಿನಲ್ಲಿ ಅದಕ್ಕೆ ಕೊರತೆಯೂ ಇಲ್ಲ.

ಶೀಟಿನಲ್ಲಿ ಜನ ಸೋಲುವುದು ಸ್ವರಕ್ಕಿಂತ ಹೆಚ್ಚಾಗಿ ಲಯದಲ್ಲಿ. ಸ್ವರ ಬಿಟ್ಟು ಮೊದಲು ಬರೀ ತ-ಕ-ದಿ-ಮಿ ಹೇಳಿ, ಒಂದು ಪೆಟ್ಟಿಗೆ ನಾಲ್ಕಕ್ಷರ, ಮೆಟ್ರೋನೋಮ್ 60. ಎರಡು ಭಾಗ ಆದರೆ ತ-ದಿ. ಪಾಪ್ ಹಾಡಿನ ಪದ ಮುಂದಿನ ಬಾರಿನ (ಶೀಟಿನಲ್ಲಿ ನಾಲ್ಕು ಪೆಟ್ಟಿನ ಒಂದು ಖಾನೆ) ಮೊದಲ ಪೆಟ್ಟಿಗೆ ಕಾಯುವುದಿಲ್ಲ, ಹಿಂದಿನ ಪೆಟ್ಟಿನ ದಿಯಲ್ಲೋ ಮಿಯಲ್ಲೋ ಹತ್ತಿ, ಗೆರೆ ದಾಟಿ ಎಳೆದುಕೊಂಡು ಹೋಗ್ತದೆ. ಶೀಟಿನಲ್ಲಿ ಅದು ಬಾಗಿದ ಗೆರೆಯಾಗಿ ಕಾಣ್ತದೆ. ಆ ಜಾಗದಲ್ಲಿ ಪೆಟ್ಟನ್ನು ಕೈಯಲ್ಲಿ ಹಾಕಿ, ಬಾಯಲ್ಲಿ ಹಾಕಬೇಡಿ. ಇನ್ನೊಂದು: ಆದಿತಾಳ ಹಾಕಿಕೊಂಡು ಹಾಡಿದರೆ ಎರಡು ಬಾರ್ ಸರಿಯಾಗಿ ಕೂಡ್ತದೆ, ಆದರೆ ತೂಕ 1, 5, 7ಕ್ಕೆ ಬೀಳ್ತದೆ. ಡ್ರಮ್ಸಿನ ಸ್ನೇರ್ ಇರುವುದು 2 ಮತ್ತು 4ರಲ್ಲಿ. ಹಾಡಿನ ವೇಗ 96 ಆದರೆ ಮೆಟ್ರೋನೋಮನ್ನು 48ಕ್ಕೆ ಇಟ್ಟು, ಪ್ರತಿ ಟಿಕ್ಕನ್ನು 2, 4 ಅಂತ ಎಣಿಸಿ. ಮೊದಲು ತಲೆ ಕೆಡ್ತದೆ, ಆಮೇಲೆ ಬಿಡ್ಲಿಕ್ಕೆ ಮನಸ್ಸಾಗುವುದಿಲ್ಲ.

ಆಲ್ಟೋ_ಸಾಲು:
ಸೆಕೆಂಡ್ ವಾಯ್ಸ್ ಬಗ್ಗೆ ಯಾರೂ ಬರೆಯಲಿಲ್ಲ. ಯಾವಾಗಲೂ ಮೂರನೇ ಸ್ವರ ಮೇಲೆ ಹಾಡಿದರೆ ಸಾಕು ಅಂತ ಹೇಳುವವರ ಮಾತು ಪೂರ್ತಿ ನಂಬಬೇಡಿ. ಕಾರ್ಡ್ 1 ಇರುವಾಗ ಮುಖ್ಯ ದನಿ ಸ ಇದ್ದರೆ ನೀವು ಗು, ಗು ಇದ್ದರೆ ಪ. ಆದರೆ ಅದು ಪ ಹಿಡಿದು ನಿಂತರೆ ಮೂರನೆಯದು ನು ಆಗ್ತದೆ, ಕಾರ್ಡಿನಲ್ಲಿ ಅದಿಲ್ಲ. ಅಲ್ಲಿ ತಾರ ಸ ಹಿಡಿಯಬೇಕು. ಕಾರ್ಡ್ 4ಕ್ಕೆ ಹೋದಾಗ ಸಗೆ ಜೊತೆ ಮ, ಗು ಅಲ್ಲ. ನೀವು ಜಾರುವುದೂ ಹೀಗೆ ಕಾರ್ಡ್ ಬದಲಾಗುವ ಜಾಗದಲ್ಲೇ ಇರಬೇಕು.

ಕಲಿಯುವ ಕ್ರಮ: ಮುಖ್ಯ ದನಿ ಬೇಡವೇ ಬೇಡ, ನಿಮ್ಮ ಸಾಲನ್ನು ಬರೀ ಬೇಸ್ ಜೊತೆ ಹಾಡಿ. ಅದು ಕೂತ ಮೇಲೆ ಕಾರ್ಡ್ ಸೇರಿಸಿ. ಮುಖ್ಯ ದನಿಯ ರೆಕಾರ್ಡಿಂಗ್ ಕೊನೆಗೆ, ಅದೂ ಒಂದೇ ಕಿವಿಗೆ, ಸಣ್ಣ ಶಬ್ದದಲ್ಲಿ. ತಂಬೂರಿ ಆ್ಯಪ್ ಇಟ್ಟು ಹಾರ್ಮೊನಿ ಕಲಿಯಬೇಡಿ. ತಂಬೂರಿಗೆ ಹೊಂದಿಸಿ ಹಾಡಿದ ಗು ಕೀಬೋರ್ಡಿನ ಗುಗಿಂತ ಸುಮಾರು 14 ಸೆಂಟ್ (ಅರ್ಧ ಸ್ವರ ಅಂದರೆ 100 ಸೆಂಟ್) ಕೆಳಗೆ ಇರ್ತದೆ, ಕಾರ್ಡ್ ಮೇಲೆ ಮಂಕಾಗಿ ಕೇಳ್ತದೆ.

ರಿಸೆಪ್ಶನ್_ಗಾಯಕಿ (ಉಡುಪಿ):
ರ-ರಿ-ರು ಗೊತ್ತಿದ್ದೂ ಹೀಗೆ ಬಳಸಬಹುದು ಅಂತ ಹೊಳೆದಿರಲಿಲ್ಲ. ಒಂದೇ ಒಂದು ಕೇಳಿಬಿಡ್ತೇನೆ: ಕೊನೆಯ ಪಲ್ಲವಿಗೆ ಬ್ಯಾಂಡಿನವರು ಶ್ರುತಿ ಏರಿಸ್ತಾರಲ್ಲ, ಆಗ ಮೊದಲ ಪದವೇ ಹಳೆಯ ಶ್ರುತಿಯಲ್ಲಿ ಹೊರಡ್ತದೆ. ಅದಕ್ಕೆಂತ ಮಾಡುವುದು?

ಕುಡ್ಲ_ಬೇಸ್:
ಎಷ್ಟು ಏರಿಸ್ತಾರೆ ಅಂತ ರಿಹರ್ಸಲಿನಲ್ಲೇ ಕೇಳಿಟ್ಟುಕೊಳ್ಳಿ, ಅರ್ಧವಾ ಒಂದಾ. ಒಂದು ಪೂರ್ತಿ ಸ್ವರ ಏರಿದರೆ ಹಳೆಯ ಧಿಯೇ ಹೊಸ ಪ. ಧಿ ಹಾಡಿ, ಅದೇ ಸ್ವರವನ್ನು ಪ ಅಂತ ಕರೆದು, ಪ-ಧಿ-ನು-ಸ ಹತ್ತಿ. ಅರ್ಧ ಸ್ವರ ಏರಿದರೆ ಹಳೆಯ ಸ ಹೊಸದರಲ್ಲಿ ನು ಆಗ್ತದೆ. ಸ ಹಿಡಿದು ನು ಅನ್ನಿ, ಮೇಲಿನ ಸಗೆ ಒಂದು ಹೆಜ್ಜೆ. ಮನೆಯಲ್ಲಿ ವಾದ್ಯ ಇಲ್ಲದೆ ಇದನ್ನು ಹಾಡಿ, ಕೊನೆಯಲ್ಲಷ್ಟೇ ಕೀ ಒತ್ತಿ ಪರೀಕ್ಷಿಸಿ. ಸ್ಟೇಜಿನಲ್ಲಿ ಏರುವ ಮೊದಲು ಕೀಬೋರ್ಡಿನವರು ಹೊಸ ಶ್ರುತಿಯ 5 ಕಾರ್ಡನ್ನು ಎರಡು ಪೆಟ್ಟು ಹಿಡಿಯಲಿ ಅಂತ ಹೇಳಿ, ಆ ಎರಡು ಪೆಟ್ಟಿನಲ್ಲಿ ಹೊಸ ಪ ನಿಮ್ಮ ಕಿವಿಗೆ ಬಿದ್ದಿರ್ತದೆ.