ಗೋಧಿ ಹಿಟ್ಟಿನ ಮಸಾಲೆ ಚಾಕೊಲೇಟ್ ಕುಕ್ಕಿ ಗಟ್ಟಿಯಾಗದಂತೆ ಮಾಡೋದು ಹೇಗೆ?

ಪ್ರಶ್ನೆ: ಮನೆಗೆ ಮೈದಾ ತರೋದನ್ನು ನಿಲ್ಲಿಸಿದ್ದೇವೆ. ಮಕ್ಕಳಿಗೆ ಚಕ್ಕೆ, ಏಲಕ್ಕಿ, ಮೆಣಸು ಹಾಕಿದ ಚಾಕೊಲೇಟ್ ಕುಕ್ಕಿಯನ್ನು ಗೋಧಿ ಹಿಟ್ಟಲ್ಲೇ ಮಾಡಿಕೊಡಬೇಕು ಅಂತ ಆಸೆ. ಆದರೆ ಮೈದಾ ಅಳತೆಗೆ ಗೋಧಿ ಹಿಟ್ಟು ಹಾಕಿದರೆ ಬಿಸಿ ಇರುವಾಗ ಪರವಾಗಿಲ್ಲ, ಆರಿದ ಮೇಲೆ ಹಲ್ಲಿಗೆ ಗಟ್ಟಿ. ಬಾಯಲ್ಲಿ ತೌಡು ಸಿಗುತ್ತೆ, ಮಸಾಲೆ ಗೊತ್ತೇ ಆಗಲ್ಲ. ಮೊಟ್ಟೆ ಹಾಕಲ್ಲ, ಇರೋದು ಸಣ್ಣ ಓಟಿಜಿ (ಕರೆಂಟ್ ಓವನ್). ಮಾಡಿ ಗೊತ್ತಿರುವವರು ಹೇಳ್ತೀರಾ?

ಉತ್ತರ: ನಾನು ಮನೆಯಲ್ಲೇ ಬೇಕ್ ಮಾಡಿ ಮಾರುತ್ತೇನೆ, ಹೆಚ್ಚಿನದೆಲ್ಲ ಗೋಧಿಯಲ್ಲೇ. ಗೋಧಿ ಹಿಟ್ಟಲ್ಲಿ ಒಳ್ಳೆ ಕುಕ್ಕಿ ಬರಲ್ಲ ಅನ್ನುವ ಮಾತು ಕೇಳಿದರೆ ನನಗೆ ಬೇಜಾರಾಗುತ್ತೆ. ಅದಕ್ಕೆ ಬೇಕಾಗಿರೋದು ಸ್ವಲ್ಪ ಜಾಸ್ತಿ ನೀರು, ಮತ್ತೆ ಸಮಯ. ಅಷ್ಟೇ.

ನಮ್ಮ ಚಪಾತಿ ಹಿಟ್ಟು ಕಲ್ಲಿನ ಚಕ್ಕಿಯಲ್ಲಿ ಬೀಸಿದ್ದು. ಬೀಸುವಾಗಿನ ಒತ್ತಡಕ್ಕೆ, ಬಿಸಿಗೆ ಪಿಷ್ಟದ ಕಣ ಒಡೆಯುತ್ತೆ. ಒಡೆದ ಪಿಷ್ಟ ನೀರನ್ನು ಚೆನ್ನಾಗಿ ಹೀರುತ್ತೆ, ಚಪಾತಿ ಮೆತ್ತಗೆ ಬರೋದೂ ಅದರಿಂದಲೇ. ಜೊತೆಗೆ ತೌಡು. ಅದೂ ನೀರು ಹೀರುತ್ತೆ, ಆದರೆ ತುಂಬಾ ನಿಧಾನವಾಗಿ. ಕಲಸಿದ ಕೂಡಲೇ ಓವನ್‌ಗೆ ಇಟ್ಟರೆ ತೌಡು ಇನ್ನೂ ನೆನೆದಿರಲ್ಲ. ನಿಮ್ಮ ಬಾಯಿಗೆ ಸಿಗ್ತಿರೋದು ಅದೇ.

ನನ್ನ ಅಳತೆ ಇದು. ಗೋಧಿ ಹಿಟ್ಟು 150 ಗ್ರಾಂ, ಕೋಕೋ ಪುಡಿ 30 ಗ್ರಾಂ, ಬೆಣ್ಣೆ 110 ಗ್ರಾಂ, ಬೆಲ್ಲದ ಪುಡಿ 60 ಗ್ರಾಂ, ಸಕ್ಕರೆ 60 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಮೊಟ್ಟೆ ಬದಲು 2 ದೊಡ್ಡ ಚಮಚ ಗಟ್ಟಿ ಮೊಸರು, 2 ದೊಡ್ಡ ಚಮಚ ಹಾಲು. ಡಾರ್ಕ್ ಚಾಕೊಲೇಟ್ 80 ಗ್ರಾಂ, ಚಾಕುವಿನಲ್ಲಿ ದಪ್ಪದಪ್ಪ ಹೆಚ್ಚಿದ್ದು. ಹಿಟ್ಟನ್ನು ತೂಕ ಮಾಡಿಯೇ ಹಾಕಿ. ಕಪ್ಪಿನಲ್ಲಿ ಒತ್ತಿ ತುಂಬಿದರೆ 20, 30 ಗ್ರಾಂ ಸುಲಭವಾಗಿ ಜಾಸ್ತಿ ಬೀಳುತ್ತೆ.

ಬೆಣ್ಣೆ, ಸಕ್ಕರೆ, ಬೆಲ್ಲ ಚೆನ್ನಾಗಿ ತಿಕ್ಕಿ. ಮೊಸರು, ಹಾಲು ಸೇರಿಸಿ. ಆಮೇಲೆ ಜರಡಿ ಹಿಡಿದ ಹಿಟ್ಟು, ಕೋಕೋ, ಸೋಡಾ, ಉಪ್ಪು, ಕೊನೆಗೆ ಚಾಕೊಲೇಟ್ ಚೂರು. ಜರಡಿಯಲ್ಲಿ ಉಳಿದ ತೌಡನ್ನು ಎಸೆಯಬೇಡಿ, ವಾಪಸ್ ಸುರಿಯಿರಿ. ಒಣ ಹಿಟ್ಟು ಕಾಣದ ಹಾಗೆ ಆದ ಕೂಡಲೇ ಕೈ ನಿಲ್ಲಿಸಿ, ನಾದಲೇಬೇಡಿ. ನಾದಿದರೆ ಗ್ಲುಟನ್, ಅಂದರೆ ಗೋಧಿಯ ಪ್ರೋಟೀನ್‌ನ ಎಳೆ, ಬಿಗಿಯಾಗುತ್ತೆ. ಈಗ ಅದು ಬೆರಳಿಗೆ ಅಂಟುವಷ್ಟು ಸಡಿಲ ಇರಬೇಕು. ಹೆದರಿ ಮತ್ತೆ ಹಿಟ್ಟು ಹಾಕಬೇಡಿ. ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ 1 ಗಂಟೆ ಇಡಿ, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ತೆಗೆದು ಮುಟ್ಟಿ ನೋಡಿ, ಅಂಟು ಹೋಗಿ ಉಂಡೆ ಕಟ್ಟಲು ಬರುತ್ತೆ.

ಮಸಾಲೆಗೆ ಬರ್ತೀನಿ. ಪ್ಯಾಕೆಟ್ ಪುಡಿ ಬೇಡ, ಆಗಿಂದಾಗಲೇ ಕುಟ್ಟಿ. ಚಕ್ಕೆ ಪುಡಿ 1 ಟೀ ಚಮಚ, ಏಲಕ್ಕಿ ಅರ್ಧ, ಕಾಳುಮೆಣಸು ಕಾಲು, ಲವಂಗ ಬರೀ ಎರಡು. ಲವಂಗ ಜಾಸ್ತಿಯಾದರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತೆ. ಈ ಪುಡಿಯನ್ನು ಹಿಟ್ಟಿಗೆ ಹಾಕಬೇಡಿ. ಒಂದು ಚಮಚ ಬೆಣ್ಣೆ ಕರಗಿಸಿ, ಒಲೆ ಆರಿಸಿ, ಅದರಲ್ಲಿ ಹಾಕಿ ಹತ್ತು ನಿಮಿಷ ಬಿಡಿ. ಮಸಾಲೆಯ ಘಮ ಹೆಚ್ಚಾಗಿ ಅದರ ಎಣ್ಣೆಯಲ್ಲಿರುತ್ತೆ, ಅದು ನೀರಿಗಿಂತ ಬೆಣ್ಣೆಗೆ ಚೆನ್ನಾಗಿ ಇಳಿಯುತ್ತೆ. ಆರಿದ ಮೇಲೆ ಉಳಿದ ಬೆಣ್ಣೆಗೆ ಸೇರಿಸಿ. ಕಿರಾಣಿ ಅಂಗಡಿಯ ದಪ್ಪ, ಒರಟು ಚಕ್ಕೆಯೇ ಸಾಕು. ಚಾಕೊಲೇಟ್ ಎದುರು ನಿಲ್ಲೋಕೆ ಆ ಖಾರ ಬೇಕು.

ಓಟಿಜಿ 170 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಲಿ. ಗೋಧಿ ಕುಕ್ಕಿ ತಾನಾಗಿ ಅಷ್ಟು ಹರಡಲ್ಲ, ಉಂಡೆಯನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ ಇಡಿ. ಬಣ್ಣ ಮೊದಲೇ ಕಪ್ಪು, ಹಾಗಾಗಿ ಕೆಂಪಗಾಯ್ತಾ ಅಂತ ನೋಡಿ ತಿಳಿಯಲು ಆಗಲ್ಲ. 11ನೇ ನಿಮಿಷಕ್ಕೆ ಅಂಚು ಮುಟ್ಟಿ. ಅಂಚು ಗಟ್ಟಿ, ನಡುವೆ ಬೆರಳು ಸ್ವಲ್ಪ ತಗ್ಗು ಬೀಳಿಸುವಷ್ಟು ಮೆತ್ತಗೆ ಇದ್ದರೆ ಹೊರಗೆ ತೆಗೆಯಿರಿ. ತಟ್ಟೆಯ ಮೇಲೆಯೇ 5 ನಿಮಿಷ ಬಿಡಿ, ಆ ಬಿಸಿಗೆ ಉಳಿದದ್ದು ಬೇಯುತ್ತೆ. ಓವನ್‌ನಲ್ಲೇ ಗಟ್ಟಿಯಾಗುವವರೆಗೆ ಕಾದರೆ ಆರಿದ ಮೇಲೆ ನೀವು ಹೇಳಿದ ಹಾಗೇ ಆಗೋದು.

ಇನ್ನೊಬ್ಬರು: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಹಿಟ್ಟು ಹಳೆಯದಾ ನೋಡಿ. ಇಡೀ ಗೋಧಿಯ ಹಿಟ್ಟಿನಲ್ಲಿ ಮೊಳಕೆ ಭಾಗದ ಎಣ್ಣೆಯೂ ಇರುತ್ತೆ, ಬೇಸಿಗೆಯಲ್ಲಿ ಬೇಗ ಕಮಟುತ್ತೆ. ಆ ಕಹಿಯ ಮೇಲೆ ಕೋಕೋ ಕಹಿ ಸೇರಿದರೆ ಎಷ್ಟು ಬೆಲ್ಲ ಹಾಕಿದರೂ ಸರಿಹೋಗಲ್ಲ. ನಾನು ಗಿರಣಿಯಲ್ಲಿ ಬೀಸಿಸಿ, ಪೂರ್ತಿ ಆರಿಸಿ, ಕುಕ್ಕಿಗೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಡ್ತೀನಿ. ನಮ್ಮ ಉತ್ತರ ಕರ್ನಾಟಕದ ಕಡೆ ಜವೆ ಗೋಧಿ ಸಿಗುತ್ತೆ. ಅದರ ಗ್ಲುಟನ್ ಅಷ್ಟು ಬಿಗಿ ಅಲ್ಲ, ಕುಕ್ಕಿ ತಾನೇ ಹುಡಿಹುಡಿಯಾಗಿ ಬರುತ್ತೆ. ಸಿಕ್ಕರೆ ಬಿಡಬೇಡಿ.

ಖಾರ ಇಷ್ಟ ಇದ್ದರೆ ಕಾಳುಮೆಣಸಿನ ಬದಲು ಬ್ಯಾಡಗಿ ಮೆಣಸಿನಪುಡಿ ಅರ್ಧ ಚಮಚ ಹಾಕಿ. ಉರಿ ಕಡಿಮೆ, ಘಮ ಜಾಸ್ತಿ. ಕೋಕೋ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಸ್ಪೇನಿನವರು ಕಾಲಿಡುವ ಮೊದಲೇ ಮೆಕ್ಸಿಕೋ ಕಡೆ ಕೋಕೋ ಪಾನೀಯಕ್ಕೆ ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. ಈಗ ಕೋಕೋ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಬೆಳೆಯುತ್ತೆ, ಪುತ್ತೂರಿನಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಬ್ಯಾಡಗಿ, ಪುತ್ತೂರು ಎರಡೂ ಊರಿನ ಸರಕನ್ನು ಒಂದೇ ಉಂಡೆಯಲ್ಲಿ ತಿನ್ನೋದು ನನಗಂತೂ ಖುಷಿ.

ಮತ್ತೊಬ್ಬರು: ರಾಗಿ ಯಾರೂ ಹೇಳಲಿಲ್ವಲ್ಲ! ಹಿಟ್ಟಿನಲ್ಲಿ ಮೂರನೇ ಒಂದು ಭಾಗ ರಾಗಿ ಹಾಕಿ. ಮೊದಲು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ, ಇಲ್ಲದಿದ್ದರೆ ಹಸಿ ವಾಸನೆ. ಬರೀ ರಾಗಿಯಲ್ಲಿ ಗ್ಲುಟನ್ ಇಲ್ಲ, ಎತ್ತುವಾಗಲೇ ಪುಡಿಯಾಗುತ್ತೆ. ಇನ್ನೊಂದು, ಕೋಕೋ ಡಬ್ಬಿಯ ಪದಾರ್ಥಗಳ ಪಟ್ಟಿಯಲ್ಲಿ 500 ಅಥವಾ 501 ಅಂತ ಸಂಖ್ಯೆ ಇದ್ದರೆ ಅದು ಕ್ಷಾರ ಹಾಕಿದ ಕೋಕೋ, ಹುಳಿ ಕಡಿಮೆ. ಆಗ ಸೋಡಾ ಕೆಲಸ ಮಾಡಬೇಕಾದರೆ ಮೊಸರು ಬೇಕೇ ಬೇಕು, ಬಿಡಬೇಡಿ. ಚಾಕೊಲೇಟ್ ಪಟ್ಟಿಯಲ್ಲೂ ಕೋಕೋ ಬೆಣ್ಣೆ ಇದೆಯಾ ನೋಡಿ. ಅದರ ಬದಲು ವನಸ್ಪತಿ ಕೊಬ್ಬು ಅಂತಿದ್ದರೆ ಅದು ಕಾಂಪೌಂಡ್, ನಾಲಿಗೆ ಮೇಲೆ ಮೇಣದ ಹಾಗೆ ಕೂರುತ್ತೆ.

ಕೇಳಿದವರು: ತುಂಬಾ ಥ್ಯಾಂಕ್ಸ್. ಬೆಣ್ಣೆ ಬದಲು ಮನೆ ತುಪ್ಪ ಹಾಕಬಹುದಾ?

ಮೊದಲ ಉತ್ತರದವರು: ಧಾರಾಳವಾಗಿ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರು ಇರುತ್ತೆ, ತುಪ್ಪದಲ್ಲಿ ಇರಲ್ಲ. 110 ಗ್ರಾಂ ಬೆಣ್ಣೆಗೆ 90 ಗ್ರಾಂ ತುಪ್ಪ ಹಾಕಿ, ಹಾಲು ಒಂದು ಚಮಚ ಜಾಸ್ತಿ ಮಾಡಿ. ಕರಗಿಸಬೇಡಿ, ಹರಳು ಕಟ್ಟಿದ ತುಪ್ಪವನ್ನೇ ತಿಕ್ಕಿ. ಮೊದಲು ಎರಡೇ ಉಂಡೆ ಬೇಯಿಸಿ ನೋಡಿ. ಎಲ್ಲ ಓಟಿಜಿಯ ಕಾವೂ ಒಂದೇ ಥರ ಇರಲ್ಲ, ನಿಮ್ಮದಕ್ಕೆ 11 ನಿಮಿಷವೋ 13 ನಿಮಿಷವೋ ಅಂತ ಆಗ ಗೊತ್ತಾಗುತ್ತೆ.