ಮುಚ್ಚಳ ಸರಿಸಿದರೆ ಮಿನುಗುವ ಹೊಸ ಲ್ಯಾಪ್‌ಟಾಪ್: ವಾಪಸ್ ಮಾಡೋದಾ, ರಿಪೇರಿಗೆ ಕೊಡೋದಾ?

ಪ್ರಶ್ನೆ: ಸರ್, ಆನ್‌ಲೈನ್‌ನಲ್ಲಿ ತರಿಸಿದ ಲ್ಯಾಪ್‌ಟಾಪ್ ಕೈಗೆ ಬಂದು ಇವತ್ತಿಗೆ ಆರು ದಿನ. ಮೊದಲ ಎರಡು ದಿನ ಏನೂ ತೊಂದರೆ ಇರಲಿಲ್ಲ. ಆಮೇಲಿಂದ ಸ್ಕ್ರೀನ್ ಮಿನುಗುತ್ತಿದೆ, ಅದೂ ಯಾವಾಗಲೂ ಅಲ್ಲ, ಮುಚ್ಚಳ ಸ್ವಲ್ಪ ಹಿಂದಕ್ಕೆ ಸರಿಸಿದಾಗ ಮಾತ್ರ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಒಬ್ಬರು ಡ್ರೈವರ್ (ಸ್ಕ್ರೀನ್ ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅಂದರು, ಇನ್ನೊಬ್ಬರು ವಿಂಡೋಸ್ ಮತ್ತೆ ಹಾಕಿ ಅಂದರು, ಮೂರನೆಯವರು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಅಂದುಬಿಟ್ಟರು. ರಿಟರ್ನ್‌ಗೆ ಇನ್ನು ನಾಲ್ಕೇ ದಿನ ಇದೆ. ಏನು ಮಾಡಲಿ?

ಉತ್ತರ (ಲ್ಯಾಪ್‌ಟಾಪ್ ರಿಪೇರಿ ಟೆಕ್ನಿಶಿಯನ್): ಮೊದಲು ರಿಟರ್ನ್ ರಿಕ್ವೆಸ್ಟ್ ಹಾಕಿ. ಇವತ್ತೇ, ಆ್ಯಪ್‌ನಲ್ಲೇ. ಫೋನ್‌ನಲ್ಲಿ ಆಡಿದ ಮಾತು ನಿಮ್ಮ ಕೈಯಲ್ಲಿ ಉಳಿಯಲ್ಲ, ರಿಕ್ವೆಸ್ಟ್ ನಂಬರ್ ಉಳಿಯುತ್ತದೆ. ಸರ್ವಿಸ್ ಸೆಂಟರ್‌ಗೆ ಈಗಲೇ ಹೋಗಬೇಡಿ. ಅಲ್ಲಿ ಒಂದು ಸಲ ಬಿಚ್ಚಿ ಸರಿ ಮಾಡಿದರು ಅಂದರೆ, "ಸರಿಹೋಯಿತಲ್ಲ, ಇನ್ಯಾಕೆ ವಾಪಸ್" ಅಂತ ಮಾರಿದವರು ಕೈ ತೊಳೆದುಕೊಳ್ಳಬಹುದು. ವಾರಂಟಿ ಹೇಗೂ ಇರುತ್ತದೆ, ಎಲ್ಲಿಗೂ ಓಡಿಹೋಗಲ್ಲ. ಓಡಿಹೋಗುವುದು ರಿಟರ್ನ್ ದಿನಗಳು.

ಈಗ ತೊಂದರೆಯ ವಿಷಯ. ಸ್ಕ್ರೀನ್‌ಗೆ ಹೋಗುವ ಕೇಬಲ್ ಹಿಂಜ್ (ಮುಚ್ಚಳ ತಿರುಗುವ ಕೀಲು) ಪಕ್ಕದಿಂದಲೇ ಹಾದುಹೋಗುತ್ತದೆ. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅದೂ ಬಾಗುತ್ತದೆ. ಕನೆಕ್ಟರ್ ಸರಿಯಾಗಿ ಕೂತಿಲ್ಲ ಅಂದರೆ, ಅಥವಾ ಕೇಬಲ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ, ಒಂದು ಕೋನಕ್ಕೆ ಬಂದಾಗ ಮಾತ್ರ ಮಿನುಗುತ್ತದೆ. ನೀವು ಹೇಳಿದ್ದು ಕೇಳಿದರೆ ನನಗೆ ಅದರ ಮೇಲೇ ಅನುಮಾನ. ಡ್ರೈವರ್‌ಗೆ ನೀವು ಮುಚ್ಚಳ ಎಷ್ಟು ಬಾಗಿಸಿದಿರಿ ಅಂತ ಗೊತ್ತಾಗುತ್ತಾ ಹೇಳಿ!

ಇದನ್ನು ತೋರಿಸೋಕೆ ಒಂದು ಸುಲಭದ ದಾರಿ ಇದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಆನ್ ಮಾಡುವಾಗ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಗೆ, ಹೋಗಿ (ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಬೇರೆಯವುಗಳಲ್ಲಿ ಬೇರೆ ಕೀ ಇರಬಹುದು). ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರಲ್ಲ, ಅದರ ಡ್ರೈವರ್ ಕೂಡ ಇಲ್ಲ. ಮುಚ್ಚಳ ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಅಲ್ಲೂ ಮಿನುಗಿದರೆ ಅದು ಹಾರ್ಡ್‌ವೇರ್ ತೊಂದರೆ, ಆಮೇಲೆ ವಿಂಡೋಸ್ ಮತ್ತೆ ಹಾಕಿ ಅಂತ ಯಾರೂ ಹೇಳೋ ಹಾಗಿಲ್ಲ. ಜೊತೆಗೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೋ ಬೇರೆ ಮಾನಿಟರ್‌ಗೋ ಕೊಟ್ಟು ನೋಡಿ. ಅಲ್ಲಿ ಚಿತ್ರ ಅಲುಗಾಡದೆ ನಿಂತಿದ್ದು ಇಲ್ಲಿ ಮಾತ್ರ ಮಿನುಗಿದರೆ ಗ್ರಾಫಿಕ್ಸ್ ಚಿಪ್ ಸರಿಯಿದೆ, ತೊಂದರೆ ಕೇಬಲ್‌ನದ್ದು ಅಥವಾ ಪ್ಯಾನೆಲ್‌ನದ್ದು, ಅಂದರೆ ಸ್ಕ್ರೀನ್‌ನದ್ದೇ.

ವಿಡಿಯೋ ಮಾಡುವಾಗ ಒಂದು ಎಚ್ಚರ. ಚೆನ್ನಾಗಿರೋ ಸ್ಕ್ರೀನ್ ಕೂಡ ಫೋನ್ ಕ್ಯಾಮೆರಾದಲ್ಲಿ ಪಟ್ಟಿ ಪಟ್ಟಿಯಾಗಿ ಓಡಿದಂತೆ ಕಾಣಬಹುದು, ಯಾಕೆಂದರೆ ಕ್ಯಾಮೆರಾದ ವೇಗಕ್ಕೂ ಸ್ಕ್ರೀನ್ ವೇಗಕ್ಕೂ ಹೊಂದಲ್ಲ. ಅಂಥ ವಿಡಿಯೋ ಕಳಿಸಿದರೆ "ಇದು ಕ್ಯಾಮೆರಾದ್ದು" ಅಂತ ತಳ್ಳಿಹಾಕುತ್ತಾರೆ. ಅದಕ್ಕೆ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಮುಚ್ಚಳ ಹಿಡಿದ ನಿಮ್ಮ ಕೈಯೂ ಕಾಣುವ ಹಾಗೆ ತೆಗೆಯಿರಿ. ಕೈ ಅಲುಗಿದಾಗ ಮಿನುಗಬೇಕು, ಕೈ ನಿಂತಾಗ ನಿಲ್ಲಬೇಕು. ಅದೇ ವಿಡಿಯೋದಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ತಳಭಾಗದ ಸೀರಿಯಲ್ ನಂಬರ್, ಆಮೇಲೆ ಬಾಕ್ಸ್ ಮೇಲಿನ ನಂಬರ್ ತೋರಿಸಿ. ಮಧ್ಯೆ ಕಟ್ ಮಾಡಬೇಡಿ.

ಇನ್ನೊಬ್ಬ ಸದಸ್ಯರು: ಸರ್, ನಂದು ಮಿನುಗಲ್ಲ, ಆದರೆ ಒಂದೇ ಒಂದು ಕಪ್ಪು ಚುಕ್ಕೆ ಇದೆ. ಅದಕ್ಕೂ ವಾಪಸ್ ತಗೋತಾರಾ?

ಉತ್ತರ: ಕಷ್ಟ. ಫುಲ್ ಎಚ್‌ಡಿ ಸ್ಕ್ರೀನ್‌ನಲ್ಲಿ 20,73,600 ಪಿಕ್ಸೆಲ್ (ಚಿತ್ರ ಮೂಡಿಸುವ ಪುಟ್ಟ ಚುಕ್ಕೆಗಳು) ಇರುತ್ತವೆ. ಐಎಸ್‌ಒ 9241-307 ಅನ್ನೋ ಮಾನದಂಡದ ಎರಡನೇ ದರ್ಜೆಯಲ್ಲಿ ಪ್ರತಿ 10 ಲಕ್ಷ ಪಿಕ್ಸೆಲ್‌ಗೆ 2 ಕಪ್ಪು ಚುಕ್ಕೆ ಇದ್ದರೂ ಪ್ಯಾನೆಲ್ ಪಾಸ್. ಹಾಗಾಗಿ ವಾರಂಟಿಯಲ್ಲಿ ಒಂದು ಚುಕ್ಕೆಗೆ ಬಗ್ಗೋದು ಕಮ್ಮಿ. ಮಾರಿದವರ ರಿಟರ್ನ್ ನಿಯಮ ಓದಿ, ಅವಧಿ ಮುಗಿದಿಲ್ಲ ಅಂದರೆ ಕೇಳಿ ನೋಡಿ. ಮೊದಲು ಬಟ್ಟೆಯಲ್ಲಿ ಒರೆಸಿ ಆಯ್ತಾ, ನನ್ನ ಹತ್ತಿರ ಧೂಳಿನ ಕಣ ಹೊತ್ತು ತಂದವರೂ ಇದ್ದಾರೆ.

ಪ್ರಶ್ನೆ ಕೇಳಿದವರು: ಸರ್, ಬಯೋಸ್‌ನಲ್ಲೂ ಮಿನುಗಿತು! ವಿಡಿಯೋ ಹಾಕಿದೆ, ನಾಳೆ ಮನೆಗೇ ಟೆಕ್ನಿಶಿಯನ್ ಕಳಿಸುತ್ತಾರಂತೆ. ಅವರ ಮುಂದೆ ಮಿನುಗದಿದ್ದರೆ?

ಉತ್ತರ: ಅದೇ ದೊಡ್ಡ ತಲೆನೋವು. ನಮ್ಮ ಕೆಲಸದಲ್ಲಿ 'ನೋ ಫಾಲ್ಟ್ ಫೌಂಡ್' (ತೊಂದರೆ ಏನೂ ಕಾಣಲಿಲ್ಲ) ಅಂತ ಒಂದು ಮಾತಿದೆ, ಅದನ್ನು ಬರೆದು ಹೋದರೆ ನಿಮ್ಮ ರಿಕ್ವೆಸ್ಟ್ ಅಲ್ಲಿಗೆ ಮುಗಿಯಬಹುದು. ಮುಚ್ಚಳ ಎಷ್ಟು ತೆರೆದಾಗ ಮಿನುಗುತ್ತದೆ ಅಂತ ಇವತ್ತೇ ಗುರುತು ಮಾಡಿಕೊಳ್ಳಿ. ಅವರು ಬಂದಾಗ ನೀವೇ ತೆರೆದು ತೋರಿಸಿ. ಆಗಲೂ ಮಿನುಗದಿದ್ದರೆ ವಿಡಿಯೋ ತೋರಿಸಿ, "ತೊಂದರೆ ಬಿಟ್ಟು ಬಿಟ್ಟು ಬರುತ್ತದೆ, ವಿಡಿಯೋ ನೋಡಿದ್ದೇನೆ" ಅಂತ ಜಾಬ್ ಶೀಟ್‌ನಲ್ಲಿ ಬರೆಸಿ. ಬರೆಯದೆ ಸಹಿ ಕೇಳಿದರೆ ಹಾಕಬೇಡಿ. ಅವರು ಸ್ಕ್ರೂ ಬಿಚ್ಚೋಕೆ ಹೊರಟರೆ, ನನಗೆ ರಿಪೇರಿ ಬೇಡ, ವಾಪಸ್ ಬೇಕು ಅಂತ ಅಲ್ಲೇ ಹೇಳಿ.

ಪಿಕಪ್ ದಿನ ಗೊತ್ತಾದ ಮೇಲೆ ಫೈಲ್‌ಗಳನ್ನು ಬೇರೆ ಕಡೆ ಇಟ್ಟುಕೊಂಡು, ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಕೊಡಿ. 'ರಿಮೂವ್ ಎವೆರಿಥಿಂಗ್' ಆರಿಸಿ, 'ಕ್ಲೀನ್ ಡೇಟಾ' ಅನ್ನೋದನ್ನೂ ಆನ್ ಮಾಡಿ. ಸುಮ್ನೆ ಫೋಲ್ಡರ್ ಡಿಲೀಟ್ ಮಾಡಿ ಕಳಿಸಬೇಡಿ, ಅದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ತೆಗೆಯಿರಿ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನ ಡಿವೈಸ್ ಪಟ್ಟಿಯಿಂದಲೂ ಅದನ್ನು ತೆಗೆದುಹಾಕಿ. ಅಂದ ಹಾಗೆ, ಬಾಕ್ಸ್ ಎಸೆದಿಲ್ಲ ತಾನೇ?

ಪ್ರಶ್ನೆ ಕೇಳಿದವರು: ಬಾಕ್ಸ್ ಇದೆ ಸರ್. ಚಾರ್ಜರ್ ಸುತ್ತಿದ್ದ ಪ್ಲಾಸ್ಟಿಕ್ ಕವರ್ ಹರಿದುಹಾಕಿದೆ.

ಉತ್ತರ: ಕವರ್ ಹೋದರೆ ಹೋಗಲಿ, ಚಾರ್ಜರ್ ಮರೆಯಬೇಡಿ. ಗೋಡೆಗೆ ಚುಚ್ಚಿದ್ದು ಅಲ್ಲೇ ಉಳಿಯೋದೇ ಜಾಸ್ತಿ.